ಮೇಲಿನ ಮನೆಯ ವೈಫೈ

ಮನೆಯಲ್ಲಿ ಜಗಳವಾಗಲು ಕಾರಣ ಬೇಕೇಬೇಕೆಂದೇನಿಲ್ಲ. ಆದರೆ ವಾಡಿಯ ಜಗದೇವಪ್ಪನ ಮನೆಯಲ್ಲಿ ಆ ಶ್ರಾವಣದಲ್ಲಿ ಆದ ಜಗಳಕ್ಕೆ ಕಾರಣ ಇತ್ತು. ಅದು ಸೊಸೆ ಭಾಗ್ಯಜ್ಯೋತಿಯ ಫೋನಿನಲ್ಲಿ ಎರಡೇ ಶಬ್ದಗಳಲ್ಲಿ ಬರೆದಿತ್ತು: ಗೆಸ್ಟ್ ವೈಫೈ.

ಸೋಮವಾರ ಬೆಳಿಗ್ಗೆ ಏಳೂವರೆಯ ಹೊತ್ತು. ಭಾಗ್ಯಜ್ಯೋತಿ ಹೆಂಚಿನ ಮೇಲಿನ ಕೊನೆಯ ರೊಟ್ಟಿ ತೆಗೆದು, ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ಫೋನು ನೋಡಿದಳು.

“ಅಯ್ಯ, ಇದೇನಿದು!”

“ಏನಾತು? ಕೈ ಸುಟ್ಕೊಂಡಿ ಏನು?” ಅತ್ತೆ ವಿಮಲಾಬಾಯಿ ಪುಂಡಿಪಲ್ಯದ ಸೊಪ್ಪು ಸೋಸುತ್ತಲೇ ಕೇಳಿದಳು.

“ಕೈ ಅಲ್ಲ ಅತ್ತಿ. ನನ್ನ ಕಂಪ್ಯೂಟರು ಮೇಲಿನ ಮನಿಯವರ ವೈಫೈದಾಗ ಅದ ಅಂತ ತೋರಿಸ್ಲಿಕತ್ತದ.”

“ಅದು ಅಲ್ಲೇ ನಿನ್ನ ಮೇಜಿನ ಮ್ಯಾಲೇ ಅದಲ್ಲ?”

“ಅಲ್ಲೇ ಅದ. ವೈರ್ ಹಾಕೇ ಅದ. ಆದ್ರ ಇದ್ರಾಗ ಹಿಂಗ ಬರ್ಲಿಕತ್ತದ!”

ಈ ಮಾತಿನ ತೂಕ ತಿಳಿಯಬೇಕಾದರೆ ಆ ಮನೆಯ ಗೋಡೆಗಳಿಂದ ಹೇಳಬೇಕು. ರಾವೂರಿನ ಕಲ್ಲಿನ ಗೋಡೆಗಳು, ಒಂದೂವರೆ ಮೊಳ ದಪ್ಪ. ಬೇಸಿಗೆಯಲ್ಲಿ ತಂಪು, ಅದು ಖರೆ; ಆದರೆ ಪಡಸಾಲೆಯಲ್ಲಿಟ್ಟ ವೈಫೈ ಅಡುಗೆಮನೆಗೂ ಬರುತ್ತಿರಲಿಲ್ಲ. ಹೋದ ವರ್ಷ ಭಾಗ್ಯಜ್ಯೋತಿಯ ಗಂಡ ಶರಣಕುಮಾರ ಮೂರು ಬಿಳಿ ಡಬ್ಬಿ ತಂದು ಮೂರು ಕಡೆ ಇಡಿಸಿದ. ಒಂದರಿಂದ ಇನ್ನೊಂದಕ್ಕೆ ನೆಟ್ ದಾಟಿ ಮನೆಯೆಲ್ಲ ಹಬ್ಬಿತು. ಎರಡನೆಯ ಡಬ್ಬಿ ಭಾಗ್ಯಜ್ಯೋತಿಯ ಕೋಣೆಯಲ್ಲಿತ್ತು. ಅದರಿಂದ ಒಂದು ವೈರು ನೆಟ್ ಹಂಚುವ ಐದು ಕಿಂಡಿಯ ಚಿಕ್ಕ ಸ್ವಿಚ್ ಡಬ್ಬಿಗೆ, ಅಲ್ಲಿಂದ ಒಂದು ಅವಳ ಕಂಪ್ಯೂಟರಿಗೆ, ಇನ್ನೊಂದು ಗೋಡೆಯಾಚೆಯ ಟಿವಿಗೆ.

ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದವಳು ಅಖ್ತರ ಬೇಗಂ, ಬಟ್ಟೆ ಹೊಲಿಯುವಾಕೆ. ಬಾಡಿಗೆಯ ಮಾತಿನಲ್ಲಿ ವೈಫೈಯೂ ಸೇರಿತ್ತು. ಮನೆಯವರದು ಬೇರೆ, ಅವಳದು ಬೇರೆ ಇರಲಿ ಎಂದು ಶರಣಕುಮಾರ ಗೆಸ್ಟ್ ವೈಫೈ ಎಂದು ಇನ್ನೊಂದು ಹೆಸರಿಟ್ಟು ಬೇರೆ ಪಾಸ್‌ವರ್ಡ್ ಕೊಟ್ಟಿದ್ದ. ಮೆಟ್ಟಿಲ ತಿರುವಿನಲ್ಲಿ ಮನೆಯ ಹಳೆಯ ಡಬ್ಬಿಯೊಂದನ್ನು ತೂಗುಹಾಕಿದ್ದರು. ಕೆಳಗಿನ ಮನೆಯ ಕರೆಂಟಿನಲ್ಲೇ ನಡೆಯುವ ಅದು ಕೆಳಗಿನ ಗೆಸ್ಟ್ ವೈಫೈ ಹಿಡಿದು ಮೇಲಕ್ಕೆ ಮುಟ್ಟಿಸುತ್ತಿತ್ತು.

ಭಾಗ್ಯಜ್ಯೋತಿ ಹೈದರಾಬಾದಿನ ಒಂದು ಕಂಪನಿಗೆ ಮನೆಯಲ್ಲೇ ಕುಳಿತು ಆಸ್ಪತ್ರೆಯ ಬಿಲ್ಲುಗಳನ್ನು ಪರೀಕ್ಷೆ ಮಾಡುತ್ತಿದ್ದಳು. ಯಾರದೋ ಕಾಯಿಲೆಯ ಕಾಗದಗಳು. ಹೊರಗಿನವರ ಕಣ್ಣಿಗೆ ಬೀಳಬಾರದು. ಹಾಗಾಗಿ ಕಂಪ್ಯೂಟರು ವೈರಿನಿಂದ ಮನೆಯ ಸ್ವಂತ ನೆಟ್ಟಿಗೇ ಸೇರಿರಬೇಕು, ಗೆಸ್ಟ್ ವೈಫೈಗೆ ಹತ್ತಬಾರದು ಎಂದು ಕಟ್ಟುನಿಟ್ಟು. ಪ್ರತಿ ಸೋಮವಾರ ಎಂಟರೊಳಗೆ, ಮನೆಯ ನೆಟ್ಟಿನಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ತೋರಿಸುವ ಫೋನಿನ ಪುಟದ ಫೋಟೊ ಕಳಿಸಬೇಕು. ಒಂದು ವರ್ಷದಿಂದ ಕಳಿಸುತ್ತಿದ್ದಳು. ಒಂದು ಸಲವೂ ತಕರಾರು ಬಂದಿರಲಿಲ್ಲ.

ಅವಳು ಆ ಪುಟವನ್ನೇ ಕಳಿಸಿದಳು. ಸುಳ್ಳು ಕಳಿಸಲಿಕ್ಕೆ ಬರುವಂತಿರಲಿಲ್ಲ. ಹತ್ತು ನಿಮಿಷದಲ್ಲಿ ಮೇಲ್ವಿಚಾರಕ ಶಾಹನವಾಜನ ಫೋನು ಬಂತು. ಹತ್ತಿರದ ಸೇಡಂದವನೇ, ಮಾತು ನೆಟ್ಟಗೆ.

“ಏನ್ರಿ ಮೇಡಂ, ಗೆಸ್ಟದಾಗ ಕುಂತೀರಲ್ಲ?”

“ನಾ ಏನೂ ಮಾಡಿಲ್ರಿ ಸರ್. ವೈರ್ ಹಂಗೇ ಅದ.”

“ನನಗ ವೈರ್ ಕಾಣಂಗಿಲ್ರಿ, ಪುಟ ಕಾಣ್ತದ. ಮುಂದಿನ ಸೋಮವಾರದೊಳಗ ಸರಿ ಮಾಡ್ಕೋರಿ. ನಿಮ್ಮ ಕೆಲ್ಸ ಛಲೋ ಅದ, ಅದಕ್ಕ ಹೇಳ್ಲಿಕತ್ತೀನಿ.”

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಅದೇ ಮಾತು. ಶರಣಕುಮಾರ ಸಿಮೆಂಟ್ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದಿದ್ದ, ಹುಬ್ಬಿನ ಮೇಲೆ ಇನ್ನೂ ಬಿಳಿ ಧೂಳು.

“ಇದ್ರಾಗ ತಿಳ್ಕೊಳ್ಳೋದೇನದ?” ಎಂದಳು ವಿಮಲಾಬಾಯಿ. “ಗೆಸ್ಟ್ ಅಂದ್ರ ಯಾರು? ಮೇಲಿನಾಕಿ. ಆಕೀನೇ ಏನರ ಒತ್ತ್ಯಾಳ. ದಿನಾ ಸಂಜಿಗಿ ಮಗಳ ಜೋಡಿ ಫೋನಿನ್ಯಾಗ ಮಾರಿ ನೋಡ್ಕೋತ ಕುಂದರ್ತಾಳಲ್ಲ.”

“ಅವ್ವಾ, ಒತ್ತಿದ್ರ ಹಂಗ ಆಗಂಗಿಲ್ಲ.”

“ಮತ್ತ ಹೆಂಗಾಗ್ತದ ಹೇಳು, ನೀ ಶಾಣ್ಯಾ ಇದ್ದಿ.”

ಶರಣಕುಮಾರನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ಮನಸ್ಸಿಲ್ಲದೆ ಬೇಳೆಗೆ ಎಣ್ಣೆ ಹಾಕಿಕೊಂಡ. ಜಗದೇವಪ್ಪನಂತೂ ತಲೆ ಎತ್ತಲೇ ಇಲ್ಲ. ವಾಡಿ ಜಂಕ್ಷನ್ನಿನ ಸಿಗ್ನಲ್ ಖಾತೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ಮನುಷ್ಯ, ವೈಫೈ ಮಾತ್ರ ಹುಡುಗರ ಸಾಮಾನು ಎಂದು ದೂರ ಇಟ್ಟಿದ್ದ. ಹಿಂದಿನ ದಿನವಷ್ಟೇ ಶ್ರಾವಣಕ್ಕೆಂದು ಮನೆಯೆಲ್ಲ ತೊಳೆದು, ಕೋಣೆಗಳಲ್ಲಿ ಜೋಲಾಡುತ್ತಿದ್ದ ವೈರುಗಳನ್ನೆಲ್ಲ ಗೋಡೆಗುಂಟ ಒಪ್ಪವಾಗಿ ಕಟ್ಟಿ ಅವನ ನಡು ಹಿಡಿದಿತ್ತು.

ಊಟ ಮುಗಿಸಿದ ವಿಮಲಾಬಾಯಿ ನೇರವಾಗಿ ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು.

“ಬೇಗಂ! ಏ ಬೇಗಂ! ನಿಮಗ ನೆಟ್ ಕೊಟ್ಟೀವಿ ಅಂತ ನಮ್ಮ ಸೊಸಿ ಕಂಪ್ಯೂಟರ್ ಒಳಗ ಕೈ ಹಾಕ್ತೀರೇನು?”

ಅಖ್ತರ ಬೇಗಂ ಹೊಲಿಗೆಯ ಟೇಪು ಕೊರಳಲ್ಲೇ ಇಟ್ಟುಕೊಂಡು ಹೊರಗೆ ಬಂದಳು. “ಯಾ ಅಲ್ಲಾ, ನನಗ ಸೂಜಿಗಿ ದಾರ ಪೋಣಸಾಕ ಕನ್ನಡಕ ಬೇಕು. ನಾ ಕಂಪ್ಯೂಟರ್ ಏನ್ ಮಾಡ್ಲಿ ವಿಮಲಾಬಾಯಿ?”

“ಅದೆಲ್ಲಾ ನನಗ ಗೊತ್ತಿಲ್ಲ. ನಿಮ್ಮಿಂದ ಆಕೀ ನೌಕರಿಗಿ ಬಂದದ.”

ಎದುರು ಮನೆಯವರು ಬಾಗಿಲಿಗೆ ಬಂದರು, ಕಿರಾಣಿ ಅಂಗಡಿಯ ಮುಂದೆ ನಿಂತವರು ತಿರುಗಿ ನೋಡಿದರು. ಅಖ್ತರ ಬೇಗಂ ಒಳಗೆ ಹೋದಳು. ಅಂದು ಸಂಜೆ ಶರಣಕುಮಾರ ಗೆಸ್ಟ್ ವೈಫೈ ಬಂದ್ ಮಾಡಿದ. ಐದೇ ನಿಮಿಷಕ್ಕೆ ಫೋನಿನ ಪುಟ ಸರಿಹೋಯಿತು! ಕಂಪ್ಯೂಟರು ವೈರಿನ ಪಟ್ಟಿಯಲ್ಲಿ, ಟಿವಿಯೂ ಅದರ ಪಕ್ಕದಲ್ಲಿ.

“ನೋಡಿದ್ರಿ?” ವಿಮಲಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. “ನಾ ಹೇಳಿದ್ರ ಮುದುಕಿ ಮಾತು ಅಂತೀರಿ.”

ಎರಡನೆಯ ಸೋಮವಾರ ಫೋಟೊ ಸರಿಯಾಗಿ ಹೋಯಿತು. ಶಾಹನವಾಜ ಹೆಬ್ಬೆರಳಿನ ಚಿತ್ರ ಕಳಿಸಿದ. ಭಾಗ್ಯಜ್ಯೋತಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಮೇಲಿನ ಹೊಲಿಗೆ ಯಂತ್ರದ ಸದ್ದು ಸಂಜೆ ಆರಾದರೂ ನಿಲ್ಲುತ್ತಿರಲಿಲ್ಲ. ಮೊದಲು ಆ ಹೊತ್ತಿಗೆ ಅಖ್ತರ ಬೇಗಂ ಸೊಲ್ಲಾಪುರದ ಮಗಳು ಮಹೆವಿಶಳ ಜೊತೆ ಮಾತಾಡುತ್ತಿದ್ದಳು. ಮಗಳಿಗೆ ದಿನ ತುಂಬಿತ್ತು.

ಶನಿವಾರ ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದ ಭಾಗ್ಯಜ್ಯೋತಿ, ಅಖ್ತರ ಬೇಗಂ ನೀರಿನ ಟಾಕಿಯ ಪಕ್ಕ ಫೋನನ್ನು ತಲೆಯ ಮೇಲೆ ಹಿಡಿದು ನಿಂತದ್ದನ್ನು ಕಂಡಳು. ಆ ಕೋಣೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ.

“ಖಾಲಾ, ಮೊಣಕಾಲ ಬ್ಯಾನಿ ಇಟ್ಕೊಂಡು ಯಾಕ ಹತ್ತಿ ಬಂದೀರಿ?”

“ಮತ್ತೇನ್ ಮಾಡ್ಲಿ ಬೇಟಾ? ಆಕೀ ದನಿ ಒಂದು ಕೇಳ್ತದ, ಮಾರಿ ಕಾಣಂಗಿಲ್ಲ.” ಸ್ವಲ್ಪ ತಡೆದು ಕೇಳಿದಳು: “ನಿನ್ನ ನೌಕರಿ ಉಳೀತಲ್ಲ?”

ಭಾಗ್ಯಜ್ಯೋತಿಗೆ ಆ ಒಂದು ಮಾತು ಸಾಕಾಯಿತು. ಕೆಳಗಿಳಿದವಳೇ ಯಾರನ್ನೂ ಕೇಳದೆ ಗೆಸ್ಟ್ ವೈಫೈ ಚಾಲೂ ಮಾಡಿದಳು. ಮೂರನೆಯ ಸೋಮವಾರ ಬೆಳಿಗ್ಗೆ ನೋಡಿದರೆ ಕಂಪ್ಯೂಟರು ಮತ್ತೆ ಗೆಸ್ಟ್ ಪಟ್ಟಿಯಲ್ಲಿ ಕೂತಿತ್ತು.

ಶಾಹನವಾಜ ಈ ಸಲ ದನಿ ತಗ್ಗಿಸಿ ಮಾತಾಡಿದ. ಅದೇ ಹೆಚ್ಚು ಅಂಜಿಕೆ ತಂದಿತು. “ಮೇಡಂ, ನನ್ನ ಕೈಯಾಗ ಇನ್ನೊಂದು ವಾರ ಅದ. ಬರೋ ಸೋಮವಾರನೂ ಹಿಂಗ ಬಂದ್ರ ನೀವು ಹೈದರಾಬಾದಿನ ಆಫೀಸಿಗೇ ಬಂದು ಕೆಲ್ಸ ಮಾಡ್ಬೇಕು. ಇಲ್ಲಂದ್ರ ಬಿಡ್ಬೇಕು.”

ಹೈದರಾಬಾದಿಗೆ ಹೋಗುವುದು ಎಲ್ಲಿಂದ? ಬಿಡಬೇಕು, ಅಷ್ಟೇ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ತನ್ನದು ಎಂದು ಅವಳಿಗೆ ಸಿಕ್ಕ ಒಂದೇ ಒಂದು ಸಂಗತಿ ಆ ಮೇಜು, ಆ ಕುರ್ಚಿ, ಆ ಎಂಟು ತಾಸು. ಫೋನಿಟ್ಟು ಅತ್ತಳು. ಅತ್ತು ಮುಖ ತೊಳೆದುಕೊಂಡು ಕೆಲಸಕ್ಕೆ ಕೂತಳು.

ರಾತ್ರಿಯ ಊಟಕ್ಕೆ ಯಾರಿಗೂ ರೊಟ್ಟಿ ಇಳಿಯಲಿಲ್ಲ.

“ಆಕೀಗಿ ನೆಟ್ ಯಾರು ಚಾಲೂ ಮಾಡಿದ್ರು?” ವಿಮಲಾಬಾಯಿ ಕೇಳಿದಳು.

“ನಾನೇ.”

“ನೀನೇ? ನಿನ್ನ ಕಾಲ ಮ್ಯಾಲ ನೀನೇ ಕಲ್ಲು ಹಾಕ್ಕೊಂಡಿ! ಬಂದ್ ಮಾಡು, ಮುಗೀತು. ಆಕೀ ಬೇಕಾದ್ರ ಇನ್ನೊಂದು ಮನಿ ನೋಡ್ಕೋತಾಳ.”

“ಅತ್ತಿ, ಬಾಡಿಗಿ ಮಾತಾಡೋ ಮುಂದ ಕೊಡ್ತೀವಿ ಅಂತ ನಾವೇ ಹೇಳೀವಿ. ಆಕೀ ಮಗಳು ಇವತ್ತೋ ನಾಳೆಯೋ ಹಡೀತಾಳ.”

ಶರಣಕುಮಾರ ನಡುವೆ ಬಾಯಿ ಹಾಕಿದ. “ಸಿಟ್ಟ್ಯಾಕ? ಸೋಮವಾರ ಏಳೂವರೆಗಿ ಬಂದ್ ಮಾಡು, ಫೋಟೊ ಹೊಡಿ, ಎಂಟಕ್ಕ ಚಾಲೂ ಮಾಡು. ಯಾರಿಗಿ ಗೊತ್ತಾಗ್ತದ?”

“ನನಗ ಗೊತ್ತಾಗ್ತದಲ್ಲರಿ. ಮಂದಿ ರೋಗದ ಕಾಗದ ನನ್ನ ಕೈಯಾಗ ಅವ. ಅವು ಖರೇನೇ ಬ್ಯಾರೆ ಕಡೆ ಹಾದು ಹೋಗ್ಲಿಕತ್ತಿದ್ರ?”

“ಹಂಗಾದ್ರ ನೀನೇ ನೋಡ್ಕೋ. ನನಗ ಪಾಳಿ ಅದ.” ಶರಣಕುಮಾರ ತಾಟು ಸರಿಸಿ ಎದ್ದ.

“ನೋಡ್ಕೋತೀನಿ. ಆದಿತವಾರದ ತನಕ ನೋಡ್ತೀನಿ. ಆಗ್ಲಿಲ್ಲಂದ್ರ ನೌಕರಿ ಬಿಡ್ತೀನಿ, ಸಮಾಧಾನ ಆಗ್ಲಿ ಎಲ್ಲಾರಿಗಿ!”

ಆ ಮನೆಯಲ್ಲಿ ಸೊಸೆ ದನಿ ಏರಿಸಿದ್ದು ಅದೇ ಮೊದಲು. ಜಗದೇವಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟು ಅವಳ ಕಡೆ ನೋಡಿದ.

ಮಂಗಳವಾರ ಅವಳು ಕಂಪ್ಯೂಟರನ್ನು ಆರಿಸಿ ಹಚ್ಚಿ ನೋಡಿದಳು. ಬುಧವಾರ ಡಬ್ಬಿ ಮಾರಿದ ಅಂಗಡಿಯವನು ಬಂದು ಮೂರನ್ನೂ ಹೊಸದಾಗಿ ಹೊಂದಿಸಿ, ಚಹಾ ಕುಡಿದು, “ಆಯ್ತು ನೋಡ್ರಿ” ಎಂದು ಹೋದ. ಅವನು ಓಣಿ ದಾಟುವುದರೊಳಗೆ ಮತ್ತೆ ಅದೇ. ಗುರುವಾರ ನಸುಕಿನಲ್ಲಿ ಸೊಲ್ಲಾಪುರದಿಂದ ಫೋನು ಬಂತು, ಮಹೆವಿಶಳಿಗೆ ಬೇನೆ ಶುರುವಾಗಿದೆ ಎಂದು. ಅಖ್ತರ ಬೇಗಂ ಬೆಳಗಿನ ಗಾಡಿಗೆ ಹೊರಟಳು. ಕೀಲಿ ಹಾಕಿ, ಕರೆಂಟಿನ ಮೇನ್ ತೆಗೆದು, ಭಾಗ್ಯಜ್ಯೋತಿಗೆ ಮಾತ್ರ ಹೇಳಿ ಹೋದಳು.

ಶುಕ್ರವಾರ ಮಧ್ಯಾಹ್ನ ಭಾಗ್ಯಜ್ಯೋತಿ ಸುಮ್ಮನೆ ಪುಟ ತೆರೆದಳು. ಗೆಸ್ಟ್ ಪಟ್ಟಿಯಲ್ಲಿ ಅವಳ ಕಂಪ್ಯೂಟರು, ಟಿವಿ. ಅವೆರಡೇ.

“ಅತ್ತಿ, ಇಲ್ಲಿ ಬರ್ರಿ! ಜಲ್ದಿ ಬರ್ರಿ!”

ವಿಮಲಾಬಾಯಿ ಒದ್ದೆ ಕೈಯಲ್ಲೇ ಬಂದಳು.

“ಮ್ಯಾಲ ಯಾರರ ಇದ್ದಾರೇನು?” ಭಾಗ್ಯಜ್ಯೋತಿ ಕೇಳಿದಳು.

“ಎಲ್ಲಿ ಇದ್ದಾರ? ನಿನ್ನೇನೇ ಕೀಲಿ ಹಾಕ್ಕೊಂಡು ಹೋಗ್ಯಾಳಲ್ಲ.”

“ಫೋನು ಆಕೀ ಕಡೆ, ಆಕೀ ಸೊಲ್ಲಾಪುರದಾಗ. ಆದ್ರೂ ನೋಡ್ರಿ, ಇದು ಹಂಗೇ ಅದ. ಖಾಲಾ ಮಾಡಿದ್ದಲ್ಲ ಅತ್ತಿ. ಆಕೀ ಏನೂ ಮಾಡಿಲ್ಲ.”

ವಿಮಲಾಬಾಯಿ ಫೋನನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. “ಅಯ್ಯ ಶಿವನೇ,” ಎಂದಳು. ಅಡುಗೆಮನೆಯಲ್ಲಿ ಒಗ್ಗರಣೆ ಸೀದ ವಾಸನೆ ಬಂದರೂ ಕಾಲು ಕೀಳಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಜಗದೇವಪ್ಪ ಸ್ನಾನ, ಲಿಂಗಪೂಜೆ ಮುಗಿಸಿ, ಒಂದು ಶಾಲೆಯ ನೋಟುಬುಕ್ಕು ಹಿಡಿದು ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತ.

“ಭಾಗ್ಯಾ, ನನಗ ವೈಫೈ ತಿಳಿಯಂಗಿಲ್ಲ. ವೈರ್ ತಿಳೀತದ. ನೋಡ್ಲೇನು?”

“ನೋಡ್ರಿ ಮಾವರಿ. ಇನ್ನ ನೋಡಾಕ ನೀವೇ ಉಳಿದವರು.”

“ಹಂಗಾದ್ರ ಮೊದಲ ಮೆಮೊ.”

ರೈಲ್ವೆಯಲ್ಲಿ ಸಿಗ್ನಲ್ಲಿನ ಒಂದು ಎಳೆ ಬಿಚ್ಚಬೇಕಾದರೂ ಸ್ಟೇಷನ್ ಮಾಸ್ತರನಿಗೆ ಬರೆದು ಕೊಟ್ಟು ಸಹಿ ತೆಗೆದುಕೊಳ್ಳಬೇಕು; ಜೋಡಿಸಿದ ಮೇಲೆ ಇನ್ನೊಂದು ಸಹಿ. ಇಲ್ಲದಿದ್ದರೆ ಗಾಡಿ ಬಂದು ಗುದ್ದುತ್ತದೆ. ಜಗದೇವಪ್ಪ ಮನೆಯಲ್ಲೂ ಅದನ್ನೇ ಮಾಡಿದ. “ಹತ್ತು ಗಂಟೆ ಐದು ನಿಮಿಷಕ್ಕೆ ಟಿವಿಯ ವೈರು ತೆಗೆಯಲಾಗುವುದು” ಎಂದು ಬರೆದು ಹೆಂಡತಿಯ ಮುಂದೆ ಹಿಡಿದ.

“ಇದೇನು ಹುಚ್ಚು? ತೆಗೀರಿ ಸುಮ್ನ.”

“ಸಹಿ ಮಾಡು. ಆಮ್ಯಾಲ ನನ್ನ ಧಾರಾವಾಹಿ ಹೋಯ್ತು ಅಂತ ಒದರಬಾರ್ದು.”

“ಎಪ್ಪಾ, ರಿಟೈರ್ ಆಗಿ ಆರು ವರ್ಷ ಆಯ್ತು,” ಎಂದು ಶರಣಕುಮಾರ ನಕ್ಕ. ಅವನ ಕೈಗೂ ಪೆನ್ನು ಬಂತು. ವಿಮಲಾಬಾಯಿ ಗೊಣಗುತ್ತ ಸಹಿ ಮಾಡಿದಳು.

ಟಿವಿಯ ವೈರು ತೆಗೆದರು. ಐದು ನಿಮಿಷ ಕಾದರು. ಕಂಪ್ಯೂಟರು ಗೆಸ್ಟಿನಲ್ಲೇ ಇತ್ತು. ಟಿವಿ ಜೋಡಿಸಿ ಮತ್ತೆ ಸಹಿ. ಕಂಪ್ಯೂಟರಿನ ವೈರು ಬದಲಿಸಿದರು, ಮತ್ತೆ ಸಹಿ. ಊಹೂಂ.

“ಇನ್ನ ವೈರಿನ ಗುಂಟ ಹೋಗೋದೇ,” ಎಂದ ಜಗದೇವಪ್ಪ. ಐದು ಕಿಂಡಿಯ ಡಬ್ಬಿಯ ಮುಂದೆ ಫರಸಿ ನೆಲದ ಮೇಲೆ ಕೂತು ಒಂದೊಂದೇ ವೈರನ್ನು ಬೆರಳ ನಡುವೆ ಹಿಡಿದು, ಕೈ ಬಿಡದೆ ಆ ತುದಿಯವರೆಗೆ ಹೋದ. ಒಂದನೆಯದು ಬಿಳಿ ಡಬ್ಬಿಗೆ. ಎರಡನೆಯದು ಕಂಪ್ಯೂಟರಿಗೆ. ಮೂರನೆಯದು ಟಿವಿಗೆ. ನಾಲ್ಕನೆಯ ಕಿಂಡಿ ಖಾಲಿ. ಐದನೆಯದರಲ್ಲಿ ಒಂದು ವೈರಿತ್ತು. ಗೋಡೆಗುಂಟ ನೇರವಾಗಿ, ಗೇಣಿಗೊಂದು ಹಸಿರು ಪಟ್ಟಿ ಹಚ್ಚಿ ಕಟ್ಟಿದ ವೈರು. ಅದರ ಗುಂಟ ಎದ್ದ, ಕಿಟಕಿಯ ಸಂದಿಯಿಂದ ಅದು ಹೊರಗೆ ಹೋಗಿತ್ತು. ಹೊರಗೆ ಬಂದು ಮೆಟ್ಟಿಲು ಹತ್ತಿದ. ತಿರುವಿನಲ್ಲಿ ತೂಗುಹಾಕಿದ್ದ ಹಳೆಯ ಡಬ್ಬಿಯ ಬೆನ್ನಿಗೆ ಅದರ ತುದಿ ಸಿಕ್ಕಿತು.

ಜಗದೇವಪ್ಪ ಮೆಟ್ಟಿಲ ಮೇಲೆ ನಿಂತೇ ಬಿಟ್ಟ. ಸುತ್ತ ಯಾರೂ ಇರಲಿಲ್ಲ. ಶರಣಕುಮಾರ ಒಳಗೆ ಫೋನು ನೋಡುತ್ತಿದ್ದ, ಹೆಂಗಸರು ಅಡುಗೆಮನೆಯಲ್ಲಿದ್ದರು. ಒಂದು ಸಲ ಎಳೆದರೆ ವೈರು ಕೈಗೆ ಬರುತ್ತಿತ್ತು, ಸುತ್ತಿ ಜೇಬಿಗೆ ಹಾಕಿಕೊಳ್ಳಬಹುದಿತ್ತು, ಪುಟ ತಾನಾಗೇ ಸರಿಹೋಗುತ್ತಿತ್ತು. ಅವನು ಎಳೆಯಲಿಲ್ಲ. ಇಳಿದು ಬಂದು ಎಲ್ಲರನ್ನೂ ಕರೆದ.

“ಈ ವೈರ್ ನಾ ಹಾಕೀನಿ.”

“ಯಾವ ವೈರ್ ಮಾವರಿ?”

“ಐದನೇದು. ಶ್ರಾವಣಕ್ಕ ಮನಿ ತೊಳೆದ ದಿನ. ಹಳೇ ಡಬ್ಬಿ ವೈರ್ ಒಂದು ಕಿಟಕ್ಯಾಗಿಂದ ಜೋತಾಡ್ತಿತ್ತು. ಮೂವತ್ತನಾಕು ವರ್ಷ ನಾ ಒಂದು ವೈರಿನ ತುದಿ ಬಿಚ್ಚಿ ಬಿಟ್ಟಾವಲ್ಲ. ಕಿಂಡಿ ಖಾಲಿ ಇತ್ತು, ಬರೋಬ್ಬರಿ ಕುಂತಿತು. ಹಾಕಿಬಿಟ್ಟೆ.”

ಶರಣಕುಮಾರನಿಗೆ ತಟ್ಟನೆ ತಿಳಿಯಿತು. “ಅಂದ್ರ ಮೇಲಿನ ಗೆಸ್ಟ್ ನೆಟ್ಟು ಆ ವೈರಿನ್ಯಾಗಿಂದ ಕೆಳಗ ಇಳದು ಭಾಗ್ಯಾನ ಸ್ವಿಚ್ಚಿಗಿ ಕೂಡ್ಯದ! ಅದಕ್ಕೇ ಇವು ಗೆಸ್ಟಿನವ ಅಂತ ಬರ್ಲಿಕತ್ತವ. ಅದಕ್ಕೇ ಗೆಸ್ಟ್ ಬಂದ್ ಮಾಡಿದಾಗ ಸರಿ ಆಗಿತ್ತು. ಎಪ್ಪಾ, ಮೂರು ವಾರ!”

ಭಾಗ್ಯಜ್ಯೋತಿಗೆ ಸಿಟ್ಟು ಬಂತು. ಬಾರದೆ ಏನು? “ನಾ ಅಳೋದು ನೋಡಿದ್ರಿ ಮಾವರಿ. ಒಂದು ಮಾತು ಹೇಳ್ಬಾರ್ದಿತ್ತೇನು, ವೈರ್ ಹಾಕೀನಿ ಅಂತ?”

“ನೆನಪೇ ಆಗ್ಲಿಲ್ಲ ಯವ್ವಾ. ಛಲೋ ಕೆಲ್ಸ ಮಾಡೀನಿ ಅನ್ಕೊಂಡಿದ್ದೆ, ಛಲೋ ಕೆಲ್ಸದ ಮ್ಯಾಲ ಯಾರು ಗುಮಾನಿ ಪಡ್ತಾರ?” ಅವನ ದನಿ ಇಳಿದಿತ್ತು. “ಒಂದು ಮೆಮೊ ಇಲ್ದ ಜೋಡಿಸೀನಿ. ಖಾತ್ಯಾಗಿದ್ರ ನನ್ನ ಸಸ್ಪೆಂಡ್ ಮಾಡ್ತಿದ್ರು.”

ವಿಮಲಾಬಾಯಿಯೇ ಮುಂದೆ ಬಂದು ಐದನೆಯ ವೈರು ಕಿತ್ತಳು. ಸಹಿ ಗಿಹಿ ಯಾರೂ ಕೇಳಲಿಲ್ಲ. ನಾಲ್ಕು ತಲೆಗಳು ಒಂದು ಫೋನಿನ ಮೇಲೆ ಬಾಗಿದವು. ಗೆಸ್ಟ್ ವೈಫೈ ಚಾಲೂ ಇತ್ತು. ಮೂರು ನಿಮಿಷ ಕಳೆಯಿತು, ನಾಲ್ಕಾಯಿತು. ಕಂಪ್ಯೂಟರು ಸರಿದು ವೈರಿನ ಪಟ್ಟಿಗೆ ಬಂತು. ಭಾಗ್ಯಜ್ಯೋತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಜಗದೇವಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಸೋಮವಾರ ಎಂಟಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ಫೋಟೊ ಹೋಯಿತು. ಶಾಹನವಾಜ ಕೂಡಲೇ ಫೋನು ಮಾಡಿದ. “ಬರೋಬ್ಬರಿ ಅದ ಮೇಡಂ. ಇನ್ನ ಏನೂ ಚಿಂತಿ ಇಲ್ಲ. ಆದ್ರ ಕಾರಣ ಒಂದು ಬರ್ಕೋಬೇಕು. ಏನಾಗಿತ್ತು?”

ಭಾಗ್ಯಜ್ಯೋತಿ ಬಾಗಿಲ ಕಡೆ ನೋಡಿದಳು. ಮಾವ ಅಲ್ಲೇ ಇದ್ದ. “ಅದು... ಟೆಕ್ನಿಕಲ್ ಪ್ರಾಬ್ಲೆಮ್ ಅಂತ ಬರ್ಕೋರಿ ಸರ್.”

“ಹಂಗ ಬರೆಸಬ್ಯಾಡ. ಕೊಡಿಲ್ಲಿ,” ಎಂದು ಜಗದೇವಪ್ಪ ಫೋನು ತೆಗೆದುಕೊಂಡ. “ನಮಸ್ಕಾರ್ರಿ ಸಾಹೇಬ್ರೇ. ನಾ ಆಕೀ ಮಾವ ಮಾತಾಡ್ಲಿಕತ್ತೀನಿ. ಗಲತಿ ನಂದು. ಆಕೀದಲ್ಲ, ಮೇಲಿನ ಬಾಡಿಗಿಯವರದೂ ಅಲ್ಲ. ನನ್ನ ಹೆಸರು ಬರ್ಕೋರಿ, ಜಗದೇವಪ್ಪ.” ಮತ್ತೆ ವೈರಿನ ಸಂಗತಿ ಮೊದಲಿಂದ ಕೊನೆಯವರೆಗೆ ಹೇಳಿದ.

ಆಮೇಲೆ ಶಾಹನವಾಜ ಅಂದ: “ಕಾಕಾ, ಚಿಂಚೋಳಿದಾಗೂ ಒಬ್ಬಾಕೀದು ಹಿಂಗೇ ಬರ್ಲಿಕತ್ತದ. ಆಕೀ ನಂಬರ್ ಕಳಿಸ್ಲೇನು? ಹೆಂಗ ಹುಡುಕಿದ್ರಿ ಅಂತ ಸ್ವಲ್ಪ ಹೇಳಿಕೊಡ್ತೀರಿ?”

“ಕಳಿಸ್ರಿ. ಅವರ ಮನ್ಯಾಗೂ ನನ್ನಂಥಾವ ಒಬ್ಬ ಇದ್ದಿರ್ಬೇಕು.”

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ವಿಮಲಾಬಾಯಿ ಬಾಯಿ ಬಿಟ್ಟು ಕೇಳುತ್ತಿದ್ದಳು. “ಮೂವತ್ತೆಂಟು ವರ್ಷ ಸಂಸಾರ ಮಾಡೀನಿ. ‘ಗಲತಿ ನಂದು’ ಅನ್ನೋ ಮಾತು ಈ ಮನಿಷ್ಯಾನ ಬಾಯಾಗಿಂದ ಇವತ್ತೇ ಕೇಳ್ಲಿಕತ್ತೀನಿ!”

“ನೀ ಎಷ್ಟು ಸಲ ಅಂದಿ?” ಎಂದ ಜಗದೇವಪ್ಪ.

ವಿಮಲಾಬಾಯಿ ಸೊಸೆಯ ಮುಂದೆ ತನ್ನ ಫೋನು ಚಾಚಿದಳು. “ಬೇಗಂಗ ಹಚ್ಚಿ ಕೊಡು. ಮಾರಿ ಕಾಣೋ ಹಂಗ ಹಚ್ಚು.”

ಪರದೆಯ ಮೇಲೆ ಅಖ್ತರ ಬೇಗಂಳ ನಿದ್ದೆಗೆಟ್ಟ ಮುಖ ಬಂತು. “ಹೇಳ್ರಿ,” ಎಂದಳು, ಬಿಗಿಯಾಗಿ.

“ಬೇಗಂ, ಗಲತಿ ನಮ್ಮನಿಯವರದು. ನಿಮಗ ಹಾಳ ಮಾತು ಆಡಿದಾಕಿ ನಾನು. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

“ನೀವು ಅಂಗಳದಾಗ ನಿಂತು ಆಡಿದ್ರಿ ವಿಮಲಾಬಾಯಿ. ಓಣಿ ಮಂದಿ ಎಲ್ಲಾ ಕೇಳ್ಯಾರ. ನಾ ಕದ್ದಾಕಿ ಹಂಗ ಒಳಗ ಹೋದೆ.”

“ಹೌದು,” ಎಂದಳು ವಿಮಲಾಬಾಯಿ. “ನೀವು ತಿರುಗಿ ಬಂದ ದಿನ ಅಂಗಳದಾಗೇ ನಿಂತು ಇದನ್ನೂ ಹೇಳ್ತೀನಿ. ಅಷ್ಟೇ ಜೋರಾಗಿ ಹೇಳ್ತೀನಿ. ಎಲ್ಲಾರೂ ಕೇಳ್ಲಿ.”

ಅಖ್ತರ ಬೇಗಂ ಫೋನು ತಿರುಗಿಸಿದಳು. ಪರದೆ ಅಲುಗಾಡಿತು, ಒಂದು ಹಾಸಿಗೆ ಕಂಡಿತು, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಕಂಡಿತು, ಆ ಗಂಟಿನೊಳಗೆ ಬಾಯಿ ತೆರೆದು ಕಿರುಚುವ ಕೆಂಪು ಮುಖ ಕಂಡಿತು.

“ಹೆಣ್ಣೋ ಗಂಡೋ?” ಎಂದಳು ವಿಮಲಾಬಾಯಿ.

“ಹೆಣ್ಣು.”

“ಅಯ್ಯ ನನ ಬಂಗಾರಾ! ಏನ್ರಿ, ಇಲ್ಲಿ ಬರ್ರಿ, ನೋಡ್ರಿ ಹೆಂಗ ಒದರ್ತದ! ಬೇಗಂ, ಆಕೀಗಿ ಬಿಸಿನೀರಾಗ ಎರೀಲಿಕತ್ತೀರಿಲ್ಲೋ? ತಲಿಗಿ ಕುಲಾಯಿ ಇಲ್ಲಲ್ಲ, ಯಾಕ ಹಾಕಿಲ್ಲ?”

ಅತ್ತೆ, ಮಾವ, ಸೊಲ್ಲಾಪುರದ ಕೂಸು, ಎಲ್ಲರ ದನಿಯೂ ಒಟ್ಟಿಗೆ ಕೋಣೆ ತುಂಬಿತು. ಗೋಡೆಯ ಗಡಿಯಾರದಲ್ಲಿ ಎಂಟಾಗಿತ್ತು. ಭಾಗ್ಯಜ್ಯೋತಿಯ ಪರದೆಯ ಮೇಲೆ ಮೊದಲ ಬಿಲ್ಲು ತೆರೆದುಕೊಂಡು ಕಾಯುತ್ತಿತ್ತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

“ಅತ್ತಿ, ಮಾವರಿ, ಇಬ್ಬರೂ ಹೊರಗ ಹೋಗ್ರಿ. ನನಗ ಕೆಲ್ಸ ಅದ.”

ಇಬ್ಬರೂ ಅವಳ ಮುಖ ನೋಡಿದರು. ಜಗದೇವಪ್ಪ ಮೊದಲು ಎದ್ದ. ವಿಮಲಾಬಾಯಿ ಅಳುವ ಕೂಸನ್ನು ಫೋನಿನಲ್ಲೇ ಎದೆಗೆ ಹಿಡಿದುಕೊಂಡು ಅವನ ಹಿಂದೆ ನಡೆದಳು, ಹೊಸಿಲು ದಾಟಿ, ತಿರುಗಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.